ಪಲ್ಲವಿ ಎಲ್ಲಿ ಹೋಯ್ತು? ಅವೆಂಜ್ಡ್ ಸೆವೆನ್‌ಫೋಲ್ಡ್ ಆಲ್ಬಂ ಬಗ್ಗೆ ಎರಡು ವರ್ಷ ತಡವಾಗಿ ಒಂದು ಜಗಳ

ರಾತ್ರಿಪಾಳಿ (ಬಳ್ಳಾರಿ)

ಅಮೆರಿಕದ ಮೆಟಲ್ ಬ್ಯಾಂಡ್ ಒಂದರ ಆಲ್ಬಂ ಮೇಲೆ ಎರಡು ವರ್ಷ ಮುನಿಸಿಕೊಂಡಿದ್ದೆ. ಅವೆಂಜ್ಡ್ ಸೆವೆನ್‌ಫೋಲ್ಡ್‌ನವರ ‘ಲೈಫ್ ಈಸ್ ಬಟ್ ಎ ಡ್ರೀಮ್’. 2023ರ ಜೂನ್ 2ಕ್ಕೆ ಬಂತು. ಅವತ್ತೇ ಹಾಕಿದೆ. ಐದನೇ ಹಾಡಿಗೆ ಬರುವಷ್ಟರಲ್ಲಿ ಬಂದ್ ಮಾಡಿದೆ. 2016ರ ‘ದಿ ಸ್ಟೇಜ್’ ಆದ ಮೇಲೆ ಏಳು ವರ್ಷ ಕಾದಿದ್ದು ಇದಕ್ಕಾ ಅಂತ ಸಿಟ್ಟು ಬಂದಿತ್ತು. ಆಮೇಲೆ 2005ರ ‘ಸಿಟಿ ಆಫ್ ಈವಿಲ್’ ಹಾಕಿಕೊಂಡು ಸಮಾಧಾನ ಮಾಡಿಕೊಂಡೆ. ನಾನು ಗಿಟಾರ್ ಹಿಡಿದಿದ್ದೇ ಅದನ್ನು ಕೇಳಿ.

ಹೋದ ವಾರ ಪಾಳಿ ಮುಗಿಸಿ ತೋರಣಗಲ್ಲಿನಿಂದ ಬಸ್ಸಿನಲ್ಲಿ ಬರುತ್ತಿದ್ದೆ. ನೆಟ್ ಪ್ಯಾಕ್ ಖಾಲಿ. ಫೋನಿನಲ್ಲಿ ಇದೊಂದೇ ಆಲ್ಬಂ ಉಳಿದಿತ್ತು, ಅದೂ ಅಳಿಸುವುದು ಮರೆತಿದ್ದಕ್ಕೆ. ಪಕ್ಕದ ಸೀಟಿನವರು ಹೆಲ್ಮೆಟ್ ತೊಡೆ ಮೇಲೆ ಇಟ್ಟುಕೊಂಡು ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದರು. ಸುಮ್ನೆ ಹಾಕಿದೆ.

ಆಲ್ಬಂ 53 ನಿಮಿಷ. ಬಸ್ಸು ನಮ್ಮ ಸ್ಟಾಪಿಗೆ ಬರಲು ಹೆಚ್ಚುಕಡಿಮೆ ಅಷ್ಟೇ ಹೊತ್ತು. ಮೊದಲ ಹಾಡು ಮೆಲ್ಲಗೆ ಅಕೌಸ್ಟಿಕ್ ಗಿಟಾರಿನಲ್ಲಿ ಶುರುವಾಗುತ್ತದೆ. ಯಾರೋ ಪಡಸಾಲೆಯಲ್ಲಿ ಕೂತು ಒಬ್ಬರೇ ಬಾರಿಸಿದ ಹಾಗೆ. ಅಷ್ಟರಲ್ಲೇ ಥ್ರ್ಯಾಶ್ (ಅತಿ ವೇಗದ ಮೆಟಲ್) ಹೊಡೆತ ಬೀಳುತ್ತದೆ. ‘ನೋಬಡಿ’ಯಲ್ಲಿ ಒಂದೇ ರಿಫ್, ಅಂದರೆ ಗಿಟಾರಿನ ಒಂದೇ ತುಣುಕು, ರುಬ್ಬುಗುಂಡಿನ ಹಾಗೆ ಸುತ್ತುತ್ತದೆ, ಮೇಲೆ ಆರ್ಕೆಸ್ಟ್ರಾ ಒಂದೊಂದೇ ಪದರ ಏರುತ್ತದೆ. ಕುಡತಿನಿ ಥರ್ಮಲ್ ಚಿಮಣಿ ಕಂಡಾಗ ‘ಕಾಸ್ಮಿಕ್’ ನಡೆಯುತ್ತಿತ್ತು. ಏಳು ನಿಮಿಷ ದಾಟುವ ಹಾಡು. ಕೊನೆಯ ಹೊತ್ತಿಗೆ ಗಾಯಕ ಎಂ. ಶ್ಯಾಡೋಸ್ ದನಿ ಮನುಷ್ಯರದ್ದೋ ಯಂತ್ರದ್ದೋ ಗೊತ್ತಾಗುವುದಿಲ್ಲ.

ಅಲ್ಲಿ ಹೊಳೆಯಿತು ನನಗೆ ಸಿಟ್ಟು ಯಾಕೆ ಬಂದಿತ್ತು ಅಂತ. ಈ ಹಾಡುಗಳಲ್ಲಿ ನಾನು ಬಾಯಿ ಹಾಕುವ ಜಾಗವೇ ಇಲ್ಲ. ಪಲ್ಲವಿ ಇಲ್ಲ ಮಾರಾಯರೇ! ಹಾಡು ಒಂದು ಬಾಗಿಲಿಂದ ಬಂದು ಇನ್ನೊಂದು ಬಾಗಿಲಿಂದ ಹೋಗುತ್ತದೆ. ತಿರುಗಿ ನೋಡುವುದೇ ಇಲ್ಲ. ಇಪ್ಪತ್ತು ವರ್ಷ ಇವರ ಪಲ್ಲವಿಯನ್ನು ನಾನೂ ಜತೆಗೆ ಕಿರುಚಿದ್ದೆ. ಇದರಲ್ಲಿ ನನ್ನ ಪಾಲು ಕಿತ್ತುಕೊಂಡರು ಅನ್ನಿಸಿತ್ತು.

ಈಗ ನಾಲ್ಕು ಸಲ ಆಯಿತು. ನನಗೆ ಇದು ಅವರ ಒಳ್ಳೆಯ ಆಲ್ಬಂ ಅನ್ನಿಸುತ್ತಿದೆ. ನಮ್ಮ ಕಡೆ ಯಾರಾದರೂ ಕೇಳಿದ್ದೀರಾ? ಬೈಯುವುದಿದ್ದರೂ ಬೈಯಿರಿ, ಪೂರ್ತಿ ಕೇಳಿ ಬೈಯಿರಿ.

ಒಗ್ಗರಣೆಮಿರ್ಚಿ (ಬಳ್ಳಾರಿ)

ಪೂರ್ತಿ ಕೇಳಿದ್ದೇನೆ, ಬೈಯುತ್ತೇನೆ. ಒಗ್ಗರಣೆ ಮಂಡಕ್ಕಿ ಮೇಲೆ ಯಾರೋ ಗುಲ್ಕನ್ ಸುರಿದಂತೆ ಇದೆ. ಬೇರೆ ಬೇರೆ ತಿಂದರೆ ಎರಡೂ ಚೆನ್ನ. ಒಂದು ಹಾಡಿನಲ್ಲಿ ಥ್ರ್ಯಾಶ್, ಅದರ ಬಾಲಕ್ಕೆ ಹಳ್ಳಿ ಅಮೆರಿಕದ ಸ್ಲೈಡ್ ಗಿಟಾರ್, ಇನ್ನೊಂದರಲ್ಲಿ ರೋಬೋಟ್ ಡಿಸ್ಕೋ, ಮತ್ತೊಂದರಲ್ಲಿ ಹಳೇ ಕಾಲದ ಹೋಟೆಲ್ ಗಾಯಕನ ಹಾಗೆ ಗುನುಗುವುದು. ಇದನ್ನು ಧೈರ್ಯ ಅಂತೀರಾ? ನಾನು ಗೊಂದಲ ಅಂತೀನಿ.

ಮತ್ತೆ ‘ಮಾರಾಯರೇ’ ಅಂತ ಯಾವಾಗಿನಿಂದ ಶುರು ಮಾಡಿದೆ ಅಣ್ಣ? ಬಳ್ಳಾರಿಯಲ್ಲಿ ಇದ್ದೀಯೋ ಮಂಗಳೂರಿನಲ್ಲೋ?

ರಾತ್ರಿಪಾಳಿ (ಬಳ್ಳಾರಿ)

ಪಾಳಿಯಲ್ಲಿ ಉಡುಪಿಯವರು ಇಬ್ಬರು ಇದ್ದಾರೆ. ಅಂಟಿಕೊಂಡಿದೆ.

ಕೌಲ್‌ಬಜಾರ್_ಕಿಟ್ (ಬಳ್ಳಾರಿ)

ಪಲ್ಲವಿ ಇಲ್ಲವೇ ಇಲ್ಲ ಅನ್ನುವುದು ತಪ್ಪು. ‘ಮ್ಯಾಟೆಲ್’ಗೆ ಇದೆ, ‘ಬ್ಯೂಟಿಫುಲ್ ಮಾರ್ನಿಂಗ್’ಗೆ ಇದೆ. ಬರುವ ಜಾಗ ಮಾತ್ರ ಊಹಿಸಲು ಆಗಲ್ಲ. ನಾನು ಡ್ರಮ್ಮರ್, ನನಗೆ ಅಲ್ಲೇ ಮಜಾ. ಬ್ರೂಕ್ಸ್ ವ್ಯಾಕರ್‌ಮನ್ ಬಾರಿಸಿದ್ದು ಕೇಳು. 2015ರಲ್ಲಿ ಈ ಬ್ಯಾಂಡಿಗೆ ಬರುವ ಮುಂಚೆ ಆತ ಬ್ಯಾಡ್ ರಿಲಿಜನ್‌ನಲ್ಲಿದ್ದವನು. ಪಂಕ್ ಕೈ. ಇಲ್ಲಿ ಒಂದೇ ಹಾಡಿನಲ್ಲಿ ನಾಲ್ಕು ಕಡೆ ನಡೆ ಬದಲಾಯಿಸುತ್ತಾನೆ, ಒಂದು ಸಲವೂ ಎಡವಿದ ಹಾಗೆ ಕೇಳಲ್ಲ.

ಇನ್ನೊಂದು. ಇವರಿಗೆ ಇದು ದಿಢೀರ್ ಅಂತ ಬಂದ ಹುಚ್ಚು ಅಲ್ಲ. 2007ರ ಆಲ್ಬಂನಲ್ಲಿ ‘ಎ ಲಿಟಲ್ ಪೀಸ್ ಆಫ್ ಹೆವನ್’ ಇತ್ತಲ್ಲ, ಎಂಟು ನಿಮಿಷ, ತುತ್ತೂರಿ, ಪಿಟೀಲು, ಪೂರಾ ಭೂತದ ನಾಟಕ. ಅದನ್ನು ಬರೆದವನು ಅವರ ಡ್ರಮ್ಮರ್ ದಿ ರೆವ್. 2009ರ ಡಿಸೆಂಬರ್ 28ಕ್ಕೆ ತೀರಿಕೊಂಡ. ಆಮೇಲೆ 2010ರಲ್ಲಿ ‘ನೈಟ್‌ಮೇರ್’, 2013ರಲ್ಲಿ ‘ಹೇಲ್ ಟು ದ ಕಿಂಗ್’. ಎರಡೂ ಅಮೆರಿಕದ ಪಟ್ಟಿಯಲ್ಲಿ ನಂಬರ್ 1. ಎರಡನೆಯದಂತೂ ಪೂರ್ತಿ ನೇರ ದಾರಿ. ಹುಚ್ಚು ಅಷ್ಟು ದಿನ ಪೆಟ್ಟಿಗೆಯಲ್ಲಿತ್ತು, ಈಗ ಹೊರಗೆ ತೆಗೆದರು.

ಹಳೇಕ್ಯಾಸೆಟ್ (ಬಳ್ಳಾರಿ)

ಮಕ್ಕಳಾ, ನಿಮಗಿಂತ ಹತ್ತು ವರ್ಷ ಮುಂಚೆ ಈ ನೋವು ತಿಂದವನು ನಾನು. ಸ್ವಲ್ಪ ಉದ್ದ ಆಗುತ್ತದೆ.

1991ರಲ್ಲಿ ಮೆಟಾಲಿಕಾದ ಕಪ್ಪು ಆಲ್ಬಂ. 1996ರಲ್ಲಿ ‘ಲೋಡ್’. ಕೂದಲು ಕತ್ತರಿಸಿಕೊಂಡು ಫೋಟೋ ಬೇರೆ ಕೊಟ್ಟಿದ್ದರು. ನನ್ನ ಗೆಳೆಯ ಕ್ಯಾಸೆಟ್ ಕವರ್ ನೋಡಿ, ಇವರು ಯಾರೋ ಬೇರೆ ಬ್ಯಾಂಡ್, ಅಂಗಡಿಯವನು ಮೋಸ ಮಾಡಿದ ಅಂತ ವಾಪಸ್ ಕೊಡಲು ಹೋಗಿದ್ದ. 2003ರಲ್ಲಿ ‘ಸೇಂಟ್ ಆಂಗರ್’. ಗಿಟಾರ್ ಸೋಲೋ ಒಂದೂ ಇಲ್ಲ. ಸ್ನೇರ್ ಡ್ರಮ್ ಸದ್ದು ಪಾತ್ರೆ ಅಂಗಡಿಯಲ್ಲಿ ಕೊಡ ಉರುಳಿದಂತೆ.

ಅಷ್ಟಾದರೂ 2011ರ ಅಕ್ಟೋಬರ್ 30ಕ್ಕೆ ಅವರು ಬೆಂಗಳೂರಿಗೆ ಬಂದಾಗ ಹಿಂದಿನ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದೆವು. ಐದು ಜನ, ಎರಡು ಬರ್ತು. ಅರಮನೆ ಮೈದಾನದಲ್ಲಿ ಕಾಲು ಊರಲು ಜಾಗ ಇಲ್ಲ. ಹಳೇ ಹಾಡುಗಳೇ ಜಾಸ್ತಿ ಬಾರಿಸಿದರು. ಗಂಟಲು ಹೋಯಿತು. ಸ್ವರ್ಗ.

ಮರುದಿನ ಅಕ್ಟೋಬರ್ 31. ಅವತ್ತೇ ಹಳೇ ರಾಕ್ ಗಾಯಕ ಲೂ ರೀಡ್ ಜತೆ ಮಾಡಿದ ‘ಲುಲು’ ಬಿಡುಗಡೆ. ಅಮೆರಿಕದಲ್ಲಿ ನವೆಂಬರ್ 1ಕ್ಕೆ. ನಮಗೆ ರಾಜ್ಯೋತ್ಸವ, ಅವರಿಗೆ ಲುಲು. ಸೈಬರ್ ಸೆಂಟರಿನಲ್ಲಿ ಐದೂ ಜನ ಒಂದೇ ಹೆಡ್‌ಫೋನಿಗೆ ಕಿವಿ ಕೊಟ್ಟೆವು. ಒಬ್ಬ ಅಜ್ಜ ಕೋಪದಲ್ಲಿ ಏನೋ ಓದುತ್ತಿದ್ದಾನೆ, ಹಿಂದೆ ನಮ್ಮ ಮೆಟಾಲಿಕಾ ಬಾರಿಸುತ್ತಿದೆ. ಎರಡಕ್ಕೂ ಸಂಬಂಧ ಇಲ್ಲ. ಎರಡು ದಿನದ ಹಿಂದೆ ಗಂಟಲು ಕಳೆದುಕೊಂಡಿದ್ದು ಇವರಿಗೇನಾ ಅಂತ ಒಬ್ಬರ ಮುಖ ಒಬ್ಬರು ನೋಡಿದೆವು.

ಅದು ಕೂಡ ಧೈರ್ಯವೇ. ಆದರೆ ನನಗೆ ಇವತ್ತಿಗೂ ಅದು ಒಳ್ಳೆಯ ಆಲ್ಬಂ ಅನ್ನಿಸಿಲ್ಲ. ಹೊಸದು ಮಾಡಿದರು ಅನ್ನುವುದಕ್ಕೇ ಅರ್ಧ ಮಾರ್ಕ್ಸ್ ಕೊಡುವುದು ನಿಲ್ಲಿಸಿ. ರಾತ್ರಿಪಾಳಿ, ನಿನಗೆ ಹಾಡು ಹಿಡಿಸಿತೋ, ಅವರ ಧೈರ್ಯ ಹಿಡಿಸಿತೋ? ಅದನ್ನು ಮೊದಲು ಹೇಳು.

ಬಿಸಿಲುನಾಡು (ರಾಯಚೂರು)

ಕಬ್ಬಿಣದ ಅದಿರಿನ ಊರಲ್ಲಿ ಮೆಟಲ್ ಅಂತ ಇನ್ನೂ ಯಾರೂ ಜೋಕ್ ಹಾಕಿಲ್ಲವಾ?

ಕೌಲ್‌ಬಜಾರ್_ಕಿಟ್ (ಬಳ್ಳಾರಿ)

ಹಾಕಬೇಡ. ಕೈ ಮುಗಿಯುತ್ತೇನೆ.

ಪೇಟಿಮಾಸ್ತರನ_ಮಗ (ಕೊಪ್ಪಳ)

ಮೆಟಲ್ ನನಗೆ ಅಷ್ಟಾಗಿ ಗೊತ್ತಿಲ್ಲ. ನನ್ನ ತಮ್ಮ ಕೇಳುತ್ತಾನೆ, ಅವನ ದೆಸೆಯಿಂದ ಇಲ್ಲಿಗೆ ಬಂದೆ. ಆದರೆ ಪಲ್ಲವಿ ಮಾತು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮಪ್ಪ ನಾಟಕಗಳಿಗೆ ಪೇಟಿ (ಹಾರ್ಮೋನಿಯಂ) ಬಾರಿಸುತ್ತಿದ್ದರು. ಜಾತ್ರೆ ಕಂಪನಿ, ಹಳ್ಳಿ ನಾಟಕ ಎರಡೂ. ಪಿಟ್ಟಿನಲ್ಲಿ ಅವರ ಪಕ್ಕ ಕೂತು ನಾನು ಬೆಳೆದವನು. ಪ್ರೇಕ್ಷಕರು ‘ಒನ್ಸ್ ಮೋರ್’ ಅಂದರೆ ಮುಗಿಯಿತು. ಅಪ್ಪ ತಬಲಾದವರ ಕಡೆ ಒಮ್ಮೆ ಗದ್ದ ಎತ್ತುತ್ತಿದ್ದರು, ಅಷ್ಟೇ ಸನ್ನೆ. ಇಬ್ಬರೂ ಪಲ್ಲವಿಗೆ ವಾಪಸ್. ಒಂದು ಸಲ ನಾಯಕ ವಿಷ ಕುಡಿದು ಹಾಡುತ್ತಾ ಸತ್ತ. ಶಿಳ್ಳೆ, ಒನ್ಸ್ ಮೋರ್. ಸತ್ತವನು ಎದ್ದು ಪಂಚೆ ಕೊಡವಿಕೊಂಡು, ಇನ್ನೊಮ್ಮೆ ಹಾಡಿ, ಇನ್ನೊಮ್ಮೆ ಸತ್ತ. ಮೂರನೇ ಸಲ ಕೂಗಿದಾಗ ಮಲಗಿದ್ದಲ್ಲಿಂದಲೇ ಕೈ ಮುಗಿದ.

ಅಪ್ಪನಿಗೆ ಇದರ ಬಗ್ಗೆ ಸಿಟ್ಟು ಇತ್ತು. ಮನೆಗೆ ಬಂದು ಪೇಟಿ ಒರೆಸುವಾಗ ಹೇಳುತ್ತಿದ್ದರು, ಒನ್ಸ್ ಮೋರ್ ಅಂದಾಗ ಕಥೆ ಅಲ್ಲಿಗೇ ನಿಂತುಬಿಡುತ್ತದೆ, ಮುಂದಿನ ಸೀನಿಗೆ ಜನ ಬರುವುದೇ ಇಲ್ಲ ಅಂತ. ಆದರೆ ಒನ್ಸ್ ಮೋರ್ ಬರದ ರಾತ್ರಿ ಊಟ ಸರಿಯಾಗಿ ಮಾಡುತ್ತಿರಲಿಲ್ಲ. ಎರಡೂ ನಿಜ.

ನಿಮ್ಮ ಬ್ಯಾಂಡಿನವರು ಒನ್ಸ್ ಮೋರ್ ಕೇಳಲು ಆಗದಂತೆ ಹಾಡು ಕಟ್ಟಿದ್ದಾರೆ ಅಂತ ನನಗೆ ಅರ್ಥ ಆಯಿತು. ಸರಿನಾ?

ರಾತ್ರಿಪಾಳಿ (ಬಳ್ಳಾರಿ)

ಅಣ್ಣ, ನಾನು ಇಷ್ಟುದ್ದ ಬರೆದು ಹೇಳಲು ಆಗದ್ದನ್ನು ನೀವು ಒಂದು ಸಾಲಿನಲ್ಲಿ ಹೇಳಿದಿರಿ.

ಹಳೇಕ್ಯಾಸೆಟ್ ಸರ್, ನಿಮ್ಮ ಪ್ರಶ್ನೆಗೆ. ‘ಈಸಿಯರ್’ ನನಗೆ ಈಗಲೂ ಹಿಡಿಸಿಲ್ಲ. ಆ ಯಂತ್ರದ ದನಿ ಸಾಕಾಗುತ್ತದೆ. ಕೊನೆಯ ನಾಲ್ಕು ಮಾತ್ರ ಬಿಡಲ್ಲ. ಎಂಟು, ಒಂಬತ್ತು, ಹತ್ತನೇ ಹಾಡುಗಳ ಹೆಸರಿನ ಎದ್ದು ಕಾಣುವ ಅಕ್ಷರ ಜೋಡಿಸಿದರೆ ‘ಗಾಡ್’ ಆಗುತ್ತದೆ. ಅದು ಸುಮ್ನೆ ಆಟ, ಬಿಡಿ. ಎಂಟನೆಯದು ಕೈಕಾಲು ಎಲ್ಲೆಲ್ಲೋ ಹೋಗುವ ಜಾಝ್. ಒಂಬತ್ತು ಡಿಸ್ಕೋ. ಹತ್ತು, ಮಿರ್ಚಿ ಹೇಳಿದ ಹೋಟೆಲ್ ಗಾಯಕ. ಆದರೆ ಆತ ಗುನುಗುವುದು ಸಾವಿನ ಬಗ್ಗೆ. ಆರ್ಕೆಸ್ಟ್ರಾ ಮೆಲ್ಲಗೆ ಹಿಂದಕ್ಕೆ ಸರಿಯುತ್ತದೆ. ಆಮೇಲೆ ಹನ್ನೊಂದನೆಯದು ಬರೀ ಪಿಯಾನೋ. ಹಾಡು ಇಲ್ಲ, ಡ್ರಮ್ ಇಲ್ಲ. ಬಾರಿಸಿದವನು ಸಿನಿಸ್ಟರ್ ಗೇಟ್ಸ್, ಅವರ ಗಿಟಾರ್ ಹುಲಿ. ಬಸ್ಸು ನಿಂತಿತ್ತು, ನಾನು ಇಳಿಯದೆ ಕೂತಿದ್ದೆ. ಕಂಡಕ್ಟರ್ ಹೆಗಲು ಮುಟ್ಟಿ ‘ಸಾರ್, ಡಿಪೋಕ್ಕೆ ಬರ್ತೀರಾ?’ ಅಂದ.

ಹಾಡು ಹಿಡಿಸಿತು ಸರ್.

ಒಗ್ಗರಣೆಮಿರ್ಚಿ (ಬಳ್ಳಾರಿ)

ಪೇಟಿ ಮಾಸ್ತರರ ಮಾತು ಚೆಂದ ಇದೆ, ಆದರೆ ಅದು ನನ್ನ ಪರವಾಗಿಯೇ ಇದೆಯಲ್ವಾ? ಒನ್ಸ್ ಮೋರ್ ಅನ್ನುವವನು ಟಿಕೆಟ್ ಕೊಂಡವನು. ದಿನಾ ಹತ್ತು ತಾಸು ದುಡಿದು ಬಂದಿದ್ದಾನೆ. ಗೊತ್ತಿರುವ ಪಲ್ಲವಿಗೆ ತಲೆ ಆಡಿಸಬೇಕು, ನಾಲ್ಕು ಜನರ ಜತೆ ಕಿರುಚಬೇಕು. ಅದರಲ್ಲಿ ಕೀಳು ಏನಿದೆ? ‘ಪ್ರಯೋಗ ಅರ್ಥ ಆಗದವರು’ ಅಂತ ನಮ್ಮನ್ನು ನೋಡುವ ನೋಟ ಇದೆಯಲ್ಲ, ಅದಕ್ಕೆ ನನ್ನ ತಕರಾರು. ಅರ್ಥ ಆಗಿದೆ, ಬೇಡ ಅಷ್ಟೇ.

ಎಡೆದೊರೆ (ರಾಯಚೂರು)

ಮಿರ್ಚಿಯವರ ಮಾತಿಗೆ ನನ್ನ ಒಪ್ಪಿಗೆ ಇದೆ. ‘ಬೇಡ’ ಅನ್ನುವುದಕ್ಕೆ ಕಾರಣ ಕೊಡಬೇಕಿಲ್ಲ.

ಒಂದು ವಿಷಯ ಸೇರಿಸುತ್ತೇನೆ. ಈ ಆಲ್ಬಂನ ಹಿಂದೆ ಫ್ರೆಂಚ್ ಲೇಖಕ ಆಲ್ಬೇರ್ ಕಾಮು ಇದ್ದಾನೆ ಅಂತ ಬ್ಯಾಂಡಿನವರೇ ಹೇಳಿದ್ದಾರೆ. ಅವನ 1942ರ ಸಣ್ಣ ಕಾದಂಬರಿ ‘ದಿ ಸ್ಟ್ರೇಂಜರ್’ ಓದಿದ್ದರೆ ‘ನೋಬಡಿ’ ಅಷ್ಟು ಅಪರಿಚಿತ ಅನ್ನಿಸಲ್ಲ. ಓದದಿದ್ದರೂ ನಡೆಯುತ್ತದೆ.

ನನ್ನ ನೋವು ಬೇರೆ ಬ್ಯಾಂಡಿನದು. ಸ್ವೀಡನ್ನಿನ ಓಪೆತ್. 2008ರವರೆಗೆ ಗಂಟಲಿನಿಂದ ಗುಡುಗುತ್ತಿದ್ದವರು 2011ರ ‘ಹೆರಿಟೇಜ್’ನಲ್ಲಿ ಗುಡುಗು ಪೂರ್ತಿ ನಿಲ್ಲಿಸಿದರು. ಜನ ಹುಯಿಲಿಟ್ಟರು. ಅವರು ಕದಲಲಿಲ್ಲ. 2019ರಲ್ಲಿ ಒಂದೇ ಆಲ್ಬಂ ಸ್ವೀಡಿಷ್‌ನಲ್ಲೂ ಇಂಗ್ಲಿಷ್‌ನಲ್ಲೂ ಮಾಡಿದರು. 2024ರ ನವೆಂಬರ್‌ನಲ್ಲಿ ಗುಡುಗು ವಾಪಸ್ ಬಂತು. ನನ್ನ ಗೆಳೆಯರು ಪಾರ್ಟಿ ಮಾಡಿದರು. ನನಗೆ ಆ ನಡುವಿನ ಮೌನದ ಆಲ್ಬಂಗಳೇ ಹೆಚ್ಚು ಇಷ್ಟ. ಹಾಗಂದರೆ ಪಾರ್ಟಿಗೆ ಕರೆಯಲ್ಲ.

ಮುದಗಲ್_ಹಲಗೆ (ಲಿಂಗಸುಗೂರು ತಾಲ್ಲೂಕು)

ನೀವೆಲ್ಲ ಸೆಪಲ್ಟುರಾ ಮರೆತಿರಿ. 1996ರ ‘ರೂಟ್ಸ್’. ಬ್ರೆಜಿಲ್‌ನ ಬ್ಯಾಂಡ್. ಕಾಡಿಗೆ ಹೋಗಿ ಶಾವಂತೆ ಬುಡಕಟ್ಟಿನವರ ಜತೆ ಕೂತು ರೆಕಾರ್ಡ್ ಮಾಡಿದರು. ಕಾರ್ಲಿನೋಸ್ ಬ್ರೌನ್ ಅನ್ನುವ ಅಲ್ಲಿನ ವಾದ್ಯಗಾರನನ್ನು ಕರೆಸಿ ತಾಳ ಹಾಕಿಸಿದರು. ಅವತ್ತೂ ಹಳೇ ಥ್ರ್ಯಾಶ್ ಹುಡುಗರು ಬೈದರು. ನನಗೆ ಮಾತ್ರ ಮೊದಲ ಸಲ ಕೇಳಿದಾಗ ‘ಅರೆ, ಇದು ನಮ್ಮ ಮೊಹರಂ’ ಅನ್ನಿಸಿತು.

ನಮ್ಮೂರ ಮೊಹರಂ ಗೊತ್ತಲ್ಲ. ಅಲಾಯಿ ದೇವರು ಏಳುವ ರಾತ್ರಿ ಹಲಗೆ ಕಾಯಿಸುತ್ತಾರೆ. ಹುಲ್ಲು, ಒಣ ಕಡ್ಡಿ ಗುಡ್ಡೆ ಹಾಕಿ ಸಣ್ಣ ಬೆಂಕಿ. ಹಲಗೆಯನ್ನು ಅದರ ಮೇಲೆ ಗಿರಗಿರ ತಿರುಗಿಸುತ್ತಾ, ನಡುನಡುವೆ ಬೆರಳಲ್ಲಿ ತಟ್ಟಿ ನೋಡುತ್ತಾರೆ. ಮೊದಲು ‘ಬೊದ್’ ಅನ್ನುತ್ತದೆ. ಚರ್ಮ ಬಿಗಿದಂತೆಲ್ಲ ಸದ್ದು ಮೇಲೆ ಏರಿ ‘ಟಣ್’ ಅನ್ನುವ ಕ್ಷಣ ಬರುತ್ತದೆ. ಒಂದು ನಿಮಿಷ ಜಾಸ್ತಿ ಇಟ್ಟರೆ ಚರ್ಮ ಬಿರಿಯುತ್ತದೆ, ಆ ರಾತ್ರಿಗೆ ಆ ಹಲಗೆ ಇಲ್ಲ. ನಮ್ಮ ಕಾಕಾ ಕಣ್ಣು ಮುಚ್ಚಿಕೊಂಡು ತಟ್ಟುತ್ತಾರೆ. ಬೆಂಕಿ ನೋಡಿದರೆ ಕಿವಿ ಕೇಳಲ್ಲವಂತೆ.

ಬ್ಯಾಂಡಿನವರು ಹೊಸದು ಮಾಡಿದಾಗ ನಾನು ನೋಡುವುದು ಇಷ್ಟೇ. ಬಿಗಿ ಬಂತಾ, ಬಿರಿಯಿತಾ? ‘ರೂಟ್ಸ್’ನಲ್ಲಿ ಬಿಗಿ ಬಂತು, ಆದರೆ ಅದೇ ವರ್ಷ ಡಿಸೆಂಬರ್‌ನಲ್ಲಿ ಗಾಯಕ ಮ್ಯಾಕ್ಸ್ ಕವಲೇರಾ ಬ್ಯಾಂಡ್ ಬಿಟ್ಟ. ಆಲ್ಬಂ ಉಳಿಯಿತು, ಬ್ಯಾಂಡ್ ಬಿರಿಯಿತು. ನಿಮ್ಮ ಆಲ್ಬಂ ಕೇಳಿ ಹೇಳುತ್ತೇನೆ. ಭಾನುವಾರದವರೆಗೆ ಟೈಮ್ ಕೊಡಿ.

ಕೌಲ್‌ಬಜಾರ್_ಕಿಟ್ (ಬಳ್ಳಾರಿ)

ಹಲಗೆ ಅಂದಿದ್ದಕ್ಕೆ ನಮ್ಮ ಕಥೆ ಹೇಳಿಬಿಡುತ್ತೇನೆ. ರಾತ್ರಿಪಾಳಿಗೆ ಗೊತ್ತು, ಅವನೂ ಸ್ಟೇಜ್ ಮೇಲಿದ್ದ.

ಹತ್ತು ವರ್ಷ ಆಯಿತು. ನಾಲ್ಕು ಜನರ ಬ್ಯಾಂಡ್. ಬೇಸ್ ಬಾರಿಸುವವನು ಜೀನ್ಸ್ ಹೊಲಿಯುವ ಯುನಿಟ್‌ನಲ್ಲಿ ಕೆಲಸಕ್ಕಿದ್ದ. ನಾಲ್ವರಿಗೂ ಕಪ್ಪು ಜೀನ್ಸ್ ಅವನೇ ತಂದಿದ್ದ, ಸೆಕೆಂಡ್ಸ್ ಮಾಲು. ನನ್ನದರಲ್ಲಿ ಎರಡೂ ಜೇಬು ಒಂದೇ ಕಡೆ. ಕವರ್ ಹಾಡು ಬಾರಿಸಿ ಬಾರಿಸಿ ಬೇಜಾರಾಗಿ ಒಂದು ಸ್ವಂತದ್ದು ಮಾಡಿದೆವು. ಏಳು ಏಟಿನ ನಡೆ. ನಮ್ಮ ಓಣಿಯ ಹುಡುಗನೊಬ್ಬ ಹಲಗೆಗೆ ಬಂದ. ಎರಡು ತಿಂಗಳು ಟೆರೇಸ್ ಮೇಲೆ ಪ್ರಾಕ್ಟೀಸ್, ರಾತ್ರಿ ಹತ್ತರ ಮೇಲೆ, ಯಾಕೆಂದರೆ ಅದಕ್ಕೆ ಮುಂಚೆ ಸಿಮೆಂಟಿನ ಮೇಲೆ ಕೂರಲು ಆಗುತ್ತಿರಲಿಲ್ಲ. ಬಳ್ಳಾರಿ ಏಪ್ರಿಲ್.

ಒಂದು ಕಾಲೇಜಿನ ಫೆಸ್ಟ್. ಯಾವುದು ಅಂತ ಬೇಡ. ಮೊದಲ ಎರಡು ಕವರ್‌ಗೆ ಕುಣಿದರು. ಮೂರನೆಯದು ನಮ್ಮದು. ಎರಡು ನಿಮಿಷಕ್ಕೆ ಮುಂದಿನ ಸಾಲಿನಲ್ಲಿ ಫೋನ್ ಹೊರಗೆ ಬಂದವು. ಮೂರನೇ ನಿಮಿಷಕ್ಕೆ ‘ಡಿಜೆ ಹಾಕ್ರೋ’ ಅಂತ ಕೂಗು. ಸೌಂಡ್‌ನವನಿಗೆ ಯಾರೋ ಸನ್ನೆ ಮಾಡಿದ್ದು ನಾನು ಕಂಡೆ. ಒಂದೊಂದೇ ಫೇಡರ್ ಕೆಳಗೆ ಎಳೆದ. ಗಿಟಾರ್ ಹೋಯಿತು, ಬೇಸ್ ಹೋಯಿತು. ಹಲಗೆಗೆ ಮೈಕೇ ಬೇಕಿರಲಿಲ್ಲವಲ್ಲ, ಆ ಹುಡುಗ ಬಾರಿಸುತ್ತಲೇ ಇದ್ದ. ನಾನೂ ನಿಲ್ಲಿಸಲಿಲ್ಲ. ನಿರೂಪಕಿ ಬಂದು ‘ಈಗ ಫ್ಯಾಷನ್ ಶೋ’ ಅಂದರು. ಬ್ಯಾಂಡ್ ಅವತ್ತಿಗೇ ಮುಗಿಯಿತು. ಜಗಳ ಆಗಲಿಲ್ಲ. ಯಾರೂ ಮುಂದಿನ ಪ್ರಾಕ್ಟೀಸ್ ಯಾವಾಗ ಅಂತ ಕೇಳಲಿಲ್ಲ, ಅಷ್ಟೇ.

ಅದಕ್ಕೇ ಅವೆಂಜ್ಡ್ ಸೆವೆನ್‌ಫೋಲ್ಡ್‌ನವರ ‘ಧೈರ್ಯ’ ಅಂದಾಗ ನನಗೆ ಸ್ವಲ್ಪ ನಗು ಬರುತ್ತದೆ. ಆಲ್ಬಂ ನನಗೆ ಇಷ್ಟ. ಆದರೆ ಎರಡು ನಂಬರ್ 1 ಜೇಬಿನಲ್ಲಿ ಇಟ್ಟುಕೊಂಡು ಪಲ್ಲವಿ ಬಿಡುವುದು ಬೇರೆ. ಅವರ ಫೇಡರ್ ಯಾರೂ ಕೆಳಗೆ ಎಳೆಯಲ್ಲ.

ಹಳೇಕ್ಯಾಸೆಟ್ (ಬಳ್ಳಾರಿ)

ಜನ ಎಳೆಯುತ್ತಾರೆ ಕಿಟ್. ಈ ಆಲ್ಬಂ ಅಮೆರಿಕದ ಪಟ್ಟಿಯಲ್ಲಿ 13ಕ್ಕೆ ಬಂತು. 1ರಿಂದ 13. ಆದರೂ ನೀನು ಹೇಳಿದ್ದು ಸರಿ. 13ಕ್ಕೆ ಇಳಿದರೂ ಅವರ ಮನೆ ಒಲೆ ಉರಿಯುತ್ತದೆ.

ಆ ಏಳು ಏಟಿನ ಹಾಡಿನ ರೆಕಾರ್ಡಿಂಗ್ ಇದೆಯಾ?

ಒಗ್ಗರಣೆಮಿರ್ಚಿ (ಬಳ್ಳಾರಿ)

ಆ ಫೆಸ್ಟಿನಲ್ಲಿ ನಾನಿದ್ದೆ. ‘ಡಿಜೆ ಹಾಕ್ರೋ’ ಅಂದವರಲ್ಲಿ ನಾನೂ ಒಬ್ಬ ಇರಬಹುದು. ನೆನಪಿಲ್ಲ. ಇರಬಹುದು.

ಕೌಲ್‌ಬಜಾರ್_ಕಿಟ್ (ಬಳ್ಳಾರಿ)

ಮಿರ್ಚಿ, ನಿನಗೆ ಒಂದು ಟೀ ಬಾಕಿ ಇದೆ. ಕೊಡಬೇಕಾದವನು ನೀನು.

ಪೇಟಿಮಾಸ್ತರನ_ಮಗ (ಕೊಪ್ಪಳ)

ನಮ್ಮ ಕಡೆಯ ಇನ್ನೊಂದು ವಿಷಯ. ಬಳ್ಳಾರಿಯ ಬೆಳಗಲ್ಲು ವೀರಣ್ಣ ಅವರು ತೊಗಲುಗೊಂಬೆಯಲ್ಲಿ ಗಾಂಧೀಜಿ ಕಥೆ ಆಡಿಸಿದರು. ಅಲ್ಲಿಯವರೆಗೆ ಪರದೆ ಮೇಲೆ ರಾಮ, ಹನುಮ, ಪಾಂಡವರು. ಅದೇ ಪರದೆಗೆ ಕೋಲು ಹಿಡಿದ ಬೋಳು ತಲೆಯ ಮುದುಕ ಬಂದ. ನಮ್ಮ ಕೊಪ್ಪಳದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರು ರಾಮಾಯಣ, ಮಹಾಭಾರತವನ್ನೇ ಹಿಡಿದು ಜೀವಮಾನ ಕಳೆದವರು. ತೊಂಬತ್ತು ದಾಟಿದ ಮೇಲೆ, 2025ರಲ್ಲಿ ಪದ್ಮಶ್ರೀ ಬಂತು. ನನಗೆ ಇಬ್ಬರೂ ಬೇಕು.

ವೀರಣ್ಣನವರು ಕಥೆ ಬದಲಿಸಿದರು, ತೊಗಲು ಬದಲಿಸಲಿಲ್ಲ. ನಿಮ್ಮ ಆಲ್ಬಂನಲ್ಲಿ ತೊಗಲು ಯಾವುದು? ಅದು ಉಳಿದಿದೆಯಾ?

ರಾತ್ರಿಪಾಳಿ (ಬಳ್ಳಾರಿ)

ಉಳಿದಿದೆ ಅಣ್ಣ. ಎರಡು ಗಿಟಾರ್ ಒಂದರ ಹೆಗಲ ಮೇಲೆ ಒಂದು ಕೈ ಹಾಕಿಕೊಂಡು ಹೋಗುವುದು ಇವರ ಗುರುತು. ಕಮ್ಮಿ ಆಗಿದೆ, ಆದರೆ ಬಂದಾಗ ಥಟ್ ಅಂತ ಗೊತ್ತಾಗುತ್ತದೆ. ‘ನೋಬಡಿ’ ಕೊನೆಯ ಸೋಲೋ ಕೇಳಿ. ರಿಫ್ ಹೊಸದು, ಬೆರಳು ಅದೇ.

ಮುದಗಲ್_ಹಲಗೆ (ಲಿಂಗಸುಗೂರು ತಾಲ್ಲೂಕು)

ಭಾನುವಾರ ಆಯಿತು. ಕೇಳಿದೆ. ಎರಡು ಕಡೆ ಬಿರಿದಿದೆ, ‘ಈಸಿಯರ್’ ಮತ್ತು ‘ವಿ ಲವ್ ಯು’ ಬಾಲ. ಮಿಕ್ಕಿದ್ದು ಬಿಗಿ ಇದೆ. ಕಾಕಾನಿಗೂ ಒಂದು ಇಯರ್‌ಫೋನ್ ಕೊಟ್ಟೆ. ಡ್ರಮ್ ಬಾರಿಸುವವನಿಗೆ ಎಷ್ಟು ಕೈ ಅಂತ ಕೇಳಿದರು.

ಪೇಟಿಮಾಸ್ತರನ_ಮಗ (ಕೊಪ್ಪಳ)

ನಾನೂ ಅಪ್ಪನಿಗೆ ಕೇಳಿಸಿದೆ. 78 ವಯಸ್ಸು, ಈಗ ಪೇಟಿ ಮುಟ್ಟುವುದಿಲ್ಲ. ಮೊದಲ ಹಾಡಿಗೆ ‘ಮಿಕ್ಸಿ ಆಫ್ ಮಾಡು’ ಅಂದರು. ಹತ್ತನೆಯದು ಹಾಕಿದೆ, ಆ ಸಾವಿನದು. ಸುಮ್ಮನೆ ಕೇಳಿದರು. ಹಿಂದೆಯೇ ಪಿಯಾನೋ ಬಂತು. ಮಂಚದ ಅಂಚಿನ ಮೇಲೆ ಎಡಗೈ ಬೆರಳು ಆಡುತ್ತಿದ್ದವು. ಮುಗಿದ ಮೇಲೆ, ‘ಇವನು ಪೇಟಿಯವನಲ್ಲ, ಬೇರೆ ವಾದ್ಯದಿಂದ ಬಂದವನು’ ಅಂದರು. ಗಿಟಾರಿನವನು ಅಂತ ನಾನು ಹೇಳಿರಲಿಲ್ಲ.

ರಾತ್ರಿಪಾಳಿ (ಬಳ್ಳಾರಿ)

ಇನ್ನೊಮ್ಮೆ ಹಾಕು ಅಂದರಾ?

ಪೇಟಿಮಾಸ್ತರನ_ಮಗ (ಕೊಪ್ಪಳ)

ಇಲ್ಲ. ಮಜ್ಜಿಗೆ ಕೇಳಿದರು.

ಕೌಲ್‌ಬಜಾರ್_ಕಿಟ್ (ಬಳ್ಳಾರಿ)

ಹಳೇಕ್ಯಾಸೆಟ್ ಸರ್, ರೆಕಾರ್ಡಿಂಗ್ ಸಿಕ್ಕಿತು. ಹಳೇ ಫೋನಿನ ಮೆಮೊರಿ ಕಾರ್ಡಿನಲ್ಲಿತ್ತು. ಟೆರೇಸ್ ಮೇಲಿನದು, ನಡುವೆ ನಾಯಿ ಬೊಗಳುತ್ತದೆ, ಪಕ್ಕದ ಮನೆಯವರು ಬೈಯುವುದೂ ಇದೆ. ನಾಳೆ ಹಾಕುತ್ತೇನೆ. ಮುದಗಲ್, ನಿಮ್ಮ ಕಾಕಾ ಕೇಳಿ ಹಲಗೆ ಎಲ್ಲಿ ತಪ್ಪಿದೆ ಹೇಳಲಿ.